ವೈಬಿಸಿಒ ಹರಳನ್ನು ಮಲಗಿಸಿ, ನಿಲ್ಲಿಸಿ ಅಳೆದ ಅನುಭವ

ವೈಬಿಸಿಒ, ಅಂದರೆ ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡ್, ಸುಮಾರು 92 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಎಲೆಕ್ಟ್ರಾನ್‌ಗಳು ಜೋಡಿಯಾಗಿ ರೋಧವಿಲ್ಲದೆ ವಿದ್ಯುತ್ ಹರಿಸುತ್ತವೆ. ನಾನು ಅದರ ಉಷ್ಣಧಾರಣೆ (ತಾಪ ಒಂದು ಕೆಲ್ವಿನ್ ಏರಲು ಬೇಕಾದ ಶಾಖ) ಅಳೆಯುವುದು ಮಾತ್ರ 2ರಿಂದ 10 ಕೆಲ್ವಿನ್ ನಡುವೆ. ಅಷ್ಟು ತಣ್ಣಗಾದಾಗ ಎಲೆಕ್ಟ್ರಾನ್‌ಗಳೆಲ್ಲ ಜೋಡಿಯಾಗಿರುತ್ತವೆ, ಅಳೆಯೋಕೆ ಇನ್ನೇನು ಉಳಿದಿರುತ್ತೆ ಮೇಡಂ ಅಂತ ಬೆಂಗಳೂರಿನ ನಮ್ಮ ಲ್ಯಾಬಿಗೆ ಬರುವ ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ನನಗೆ ಇಷ್ಟವಾದದ್ದೆಲ್ಲ ಆ ಉಳಿದದ್ದರಲ್ಲೇ ಇದೆ.

ಸೀಸದಂಥ ಹಳೆಯ ಸೂಪರ್‌ಕಂಡಕ್ಟರ್‌ನಲ್ಲಿ ಜೋಡಿ ಮುರಿಯಬೇಕಾದರೆ ಯಾವ ದಿಕ್ಕಿನಲ್ಲಾದರೂ ಶಕ್ತಿ ಕೊಡಲೇಬೇಕು. ವೈಬಿಸಿಒದಲ್ಲಿ ಕೆಲವು ದಿಕ್ಕುಗಳಲ್ಲಿ ಆ ಶಕ್ತಿ ಸೊನ್ನೆಗೆ ಇಳಿಯುತ್ತದೆ. ಡಿ-ವೇವ್ ಅನ್ನುವುದು ಇದಕ್ಕೇ. ಕಾಂತಕ್ಷೇತ್ರ ಹಾಕಿದಾಗ ಹರಳಿನೊಳಗೆ ಸುಳಿಗಳು, ಅಂದರೆ ಕ್ಷೇತ್ರ ತೂರಿಹೋಗುವ ಸಣ್ಣ ಎಳೆಗಳು, ಏಳುತ್ತವೆ. ಸುಳಿಯ ಸುತ್ತ ಓಡುವ ಪ್ರವಾಹ ಆ ದಿಕ್ಕುಗಳ ಎಲೆಕ್ಟ್ರಾನ್‌ಗಳನ್ನು ಸಡಿಲಿಸುತ್ತದೆ. ಇವುಗಳ ಉಷ್ಣಧಾರಣೆ ಕ್ಷೇತ್ರದ ವರ್ಗಮೂಲದಂತೆ ಏರಬೇಕು ಎಂದು ಭೌತವಿಜ್ಞಾನಿ ವೊಲೋವಿಕ್ 1993ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮರುವರ್ಷವೇ ಕ್ಯಾಥ್ರಿನ್ ಮೋಲರ್ ಮತ್ತು ಜೊತೆಗಾರರು ವೈಬಿಸಿಒ ಹರಳಿನಲ್ಲಿ ಅದನ್ನು ಕಂಡರು.

ಕೇಳಲು ಸುಲಭ, ಅಲ್ವಾ? ಈಗ ಲೆಕ್ಕ ನೋಡಿ. 9 ಟೆಸ್ಲಾ ಕ್ಷೇತ್ರ, 4 ಕೆಲ್ವಿನ್ ತಾಪ. ನಾವು ಹುಡುಕುವ ಭಾಗ, ಅಂದರೆ ಆ ಸಡಿಲ ಎಲೆಕ್ಟ್ರಾನ್‌ಗಳ ಉಷ್ಣಧಾರಣೆ, ಪ್ರತಿ ಮೋಲ್‌ಗೆ, ಪ್ರತಿ ಕೆಲ್ವಿನ್‌ಗೆ ಸುಮಾರು 11 ಮಿಲಿಜೌಲ್. ಪರಮಾಣುಗಳ ಕಂಪನದ ಪಾಲು ಸುಮಾರು 25. 20 ಮಿಲಿಗ್ರಾಂ ಹರಳಾದರೆ ಆ ಕಂಪನದ ಪಾಲೇ ಕೆಲ್ವಿನ್‌ಗೆ ಒಂದು ಮೈಕ್ರೋಜೌಲ್ ಮುಟ್ಟುವುದಿಲ್ಲ. ಹರಳು ಕೂರುವ ಸಫೈರ್ ಹಲಗೆ, ಅಂಟಿಸುವ ಗ್ರೀಸ್, ಇವೆಲ್ಲ ಶಾಖ ಕುಡಿಯುತ್ತವೆ. ಹಾಗಾಗಿ ಮೊದಲು ಬರೀ ಗ್ರೀಸ್ ಹಚ್ಚಿ ಅಳೆಯುತ್ತೇನೆ. ಆಮೇಲೆ ಅದೇ ಗ್ರೀಸಿನ ಮೇಲೆ ಹರಳು ಕೂರಿಸುತ್ತೇನೆ. ಹೊಸದಾಗಿ ಹಚ್ಚಿದರೆ ಕಳೆಯುವ ಲೆಕ್ಕ ಕೆಟ್ಟಿತು.

ಕಂಪನದ ಪಾಲು ಕ್ಷೇತ್ರಕ್ಕೆ ಬದಲಾಗುವುದಿಲ್ಲ, ಅದನ್ನು ಕಳೆಯುವುದು ಕಷ್ಟವಲ್ಲ. ನಿಜವಾದ ಕಾಟ ಶಾಟ್ಕಿ ಉಬ್ಬಿನದು. ಹರಳಿನಲ್ಲಿ ಅಲ್ಲಲ್ಲಿ ಒಂಟಿ ಸ್ಪಿನ್‌ಗಳು, ಅಂದರೆ ಪುಟ್ಟ ಕಾಂತದಂತೆ ವರ್ತಿಸುವ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು, ಇದ್ದೇ ಇರುತ್ತವೆ. ಕ್ಷೇತ್ರದಲ್ಲಿ ಅವುಗಳ ಶಕ್ತಿಮಟ್ಟ ಎರಡಾಗಿ ಒಡೆದು ಉಷ್ಣಧಾರಣೆಯಲ್ಲಿ ಒಂದು ಉಬ್ಬು ಏಳುತ್ತದೆ. 9 ಟೆಸ್ಲಾದಲ್ಲಿ ಅದರ ನೆತ್ತಿ ಸರಿಯಾಗಿ 5 ಕೆಲ್ವಿನ್ ಹತ್ತಿರ, 14 ಟೆಸ್ಲಾದಲ್ಲಿ 8ರ ಹತ್ತಿರ. ನಾವು ಅಳೆಯುವ ಜಾಗದಲ್ಲೇ ಬಂದು ಕೂರುತ್ತದೆ! ಸಾವಿರಕ್ಕೆ ಒಂದು ಸ್ಪಿನ್ ಇದ್ದರೂ ನೆತ್ತಿಯ ಎತ್ತರ 3.6 ಮಿಲಿಜೌಲ್. ಸುಮ್ನೆ ಒಂದು ಸೂತ್ರ ಕೂರಿಸಿ ಅದನ್ನು ತೆಗೆದರೆ ವರ್ಗಮೂಲವೂ ಬರುತ್ತದೆ, ಬೇರೆ ಗೆರೆಯೂ ಬರುತ್ತದೆ. ಅಂಥ ಗ್ರಾಫನ್ನು ನಾನು ನಂಬುವುದಿಲ್ಲ.

ನಾನು ನೆಚ್ಚಿಕೊಂಡಿರುವುದು ಜಿನೀವಾದ ಗುಂಪು 1990ರ ದಶಕದಲ್ಲಿ ಬಳಸಿದ ದಾರಿಯನ್ನು. ಒಂಟಿ ಸ್ಪಿನ್‌ಗೆ ಕ್ಷೇತ್ರ ಯಾವ ಕಡೆಯಿಂದ ಬಂದರೂ ಹೆಚ್ಚುಕಡಿಮೆ ಒಂದೇ. ಸುಳಿಗಳಿಗೆ ಹಾಗಲ್ಲ. ಕ್ಷೇತ್ರ ತಾಮ್ರ-ಆಮ್ಲಜನಕದ ಪದರಗಳಿಗೆ ಲಂಬವಾಗಿದ್ದಾಗ ಅವುಗಳ ಪ್ರಭಾವ ಜಾಸ್ತಿ, ಪದರಗಳ ಉದ್ದಕ್ಕೆ ಇದ್ದಾಗ ತುಂಬಾ ಕಡಿಮೆ. ಆದ್ದರಿಂದ ಒಂದೇ ಹರಳನ್ನು ಮಲಗಿಸಿ (ಆಗ ಕ್ಷೇತ್ರ ಪದರಗಳಿಗೆ ಲಂಬ) ಒಮ್ಮೆ, ನಿಲ್ಲಿಸಿ (ಆಗ ಪದರಗಳ ಉದ್ದಕ್ಕೆ) ಒಮ್ಮೆ ಅಳೆದು ಒಂದರಿಂದ ಇನ್ನೊಂದನ್ನು ಕಳೆಯಬೇಕು. ಕಂಪನವೂ ಹೋಗುತ್ತದೆ, ಶಾಟ್ಕಿಯೂ ಬಹುಪಾಲು ಹೋಗುತ್ತದೆ. ನಿಲ್ಲಿಸಿದಾಗಲೂ ಸುಳಿಗಳ ಪಾಲು ಪೂರ್ತಿ ಸೊನ್ನೆ ಆಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನಿಲ್ಲಿಸುವುದೇ ದೊಡ್ಡ ಕೆಲಸ. ಹರಳು ತೆಳು ಬಿಲ್ಲೆ, ಅಂಚು ಹಲಗೆಗೆ ಸರಿಯಾಗಿ ತಾಗುವುದಿಲ್ಲ. ಆಗ ಹಲಗೆ ಒಂದು ವೇಗದಲ್ಲಿ, ಹರಳು ಇನ್ನೊಂದು ವೇಗದಲ್ಲಿ ತಣ್ಣಗಾಗಿ ಅಳತೆ ಗೊಂದಲವಾಗುತ್ತದೆ. ಒಂದು ಪುಟ್ಟ ಆಸರೆ ಬೇಕು. ತಾಮ್ರದ್ದು ಮಾಡೋಣವೆಂದರೆ, 10 ಮಿಲಿಗ್ರಾಂ ತಾಮ್ರದ ಉಷ್ಣಧಾರಣೆ 4 ಕೆಲ್ವಿನ್‌ನಲ್ಲಿ ಹರಳಿನದಕ್ಕೇ ಪೈಪೋಟಿ ಕೊಡುತ್ತದೆ. ಸಿಲಿಕಾನ್ ಒಳ್ಳೆಯದು: ಶಾಖ ಚೆನ್ನಾಗಿ ಸಾಗಿಸುತ್ತದೆ, ತಾನು ಬಹಳ ಕಡಿಮೆ ಇಟ್ಟುಕೊಳ್ಳುತ್ತದೆ. ಹಳೆಯ ವೇಫರ್‌ನಿಂದ ಕತ್ತರಿಸಿ ಎಲ್ ಆಕಾರಕ್ಕೆ ಅಂಟಿಸಿದೆ. ಹರಳನ್ನು ನೆಟ್ಟಗೆ ಹಿಡಿದು ಅಂಟಿಸಲು ಒಂದು ಜಿಗ್ ಬೇಕಿತ್ತು. ಪೀಣ್ಯದ ಸಣ್ಣ ವರ್ಕ್‌ಶಾಪ್‌ನಲ್ಲಿ ಮಾಡಿಸಿದೆ. ಅಲ್ಲಿನ ಹಿರಿಯರು ಚಿತ್ರ ನೋಡಿ, "ಮೇಡಂ, ಇದು ಮಿಲಿಮೀಟರೇ ತಾನೇ, ಸೆಂಟಿಮೀಟರ್ ಅಲ್ವಲ್ಲ?" ಎಂದು ಮತ್ತೆ ಕೇಳಿದರು. ಎಷ್ಟು ನಾಜೂಕಾಗಿ ಮಾಡಿಕೊಟ್ಟರೆಂದರೆ ಇವತ್ತಿಗೂ ಅದನ್ನೇ ಬಳಸುತ್ತೇನೆ. ನೆಟ್ಟಗಿರುವುದು ಅಂದಕ್ಕಲ್ಲ. ಸ್ವಲ್ಪ ವಾಲಿದರೂ ಕ್ಷೇತ್ರ ಹರಳನ್ನು ತಿರುಗಿಸಲು ನೋಡುತ್ತದೆ, ಹಲಗೆಯನ್ನು ಹಿಡಿದಿರುವ ಕೂದಲೆಳೆಯ ತಂತಿಗಳು ತುಂಡಾಗಬಹುದು.

ಇನ್ನೊಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ತಣ್ಣಗಿರುವಾಗಲೇ ಕ್ಷೇತ್ರ ಬದಲಿಸಬಾರದು. ಸುಳಿಗಳು ದೋಷಗಳಲ್ಲಿ ಸಿಕ್ಕಿಕೊಂಡು ಹರಳಿನೊಳಗೆ ಕ್ಷೇತ್ರ ಏರುಪೇರಾಗುತ್ತದೆ. ಪ್ರತಿ ಸಲ 100 ಕೆಲ್ವಿನ್‌ಗೆ ಬಿಸಿ ಮಾಡಿ, ಅಲ್ಲಿ ಕ್ಷೇತ್ರ ಬದಲಿಸಿ, ಕ್ಷೇತ್ರದಲ್ಲೇ ಮತ್ತೆ ಇಳಿಸಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಹೀಲಿಯಂ ಖರ್ಚಾಗುತ್ತದೆ. ಆವಿಯಾದ ಹೀಲಿಯಂ ಅನ್ನು ಹಿಡಿದು ಮತ್ತೆ ದ್ರವ ಮಾಡುವ ಏರ್ಪಾಟು ಇಲ್ಲದಿದ್ದರೆ ಈ ಹಟ ದುಬಾರಿ. ಏಪ್ರಿಲ್-ಮೇ ಸಂಜೆಗಳಲ್ಲಿ ಗುಡುಗು ಮಳೆ ಬಂದು ಕರೆಂಟ್ ಹೋದರೆ ಇಡೀ ಸರಣಿ ಮೊದಲಿನಿಂದ. ಅದಕ್ಕೇ ಉದ್ದದ ಅಳತೆಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿ ಕಳೆದಾಗ 14 ಟೆಸ್ಲಾವರೆಗೆ ಬಿಂದುಗಳು ವರ್ಗಮೂಲದ ಗೆರೆಯ ಮೇಲೆ ಕೂತವು. ಯಾವ ಸೂತ್ರವನ್ನೂ ಹೇರದೆ, ಎರಡು ಅಳತೆಗಳ ವ್ಯತ್ಯಾಸದಿಂದಲೇ ಅದು ಬಂದದ್ದು ನನಗೆ ದೊಡ್ಡ ಸಂತೋಷ. ಅಮೆರಿಕದ ಟಾಲಹಾಸಿಯಲ್ಲಿ 45 ಟೆಸ್ಲಾವರೆಗೆ ಹೋದ ಅಳತೆ 2011ರಲ್ಲಿ ಪ್ರಕಟವಾಯಿತು. ಆಮ್ಲಜನಕ ಕಡಿಮೆ ಇದ್ದ ವೈಬಿಸಿಒದಲ್ಲಿ, ಜೋರು ಕ್ಷೇತ್ರದಿಂದ ವಿದ್ಯುತ್ ರೋಧ ಮರಳಿದ ಮೇಲೂ ವರ್ಗಮೂಲದ ಏರಿಕೆ ನಿಲ್ಲಲಿಲ್ಲ. ರೋಧ ಬಂದರೂ ಜೋಡಿಗಳ ಗುರುತು ಉಳಿದಿರಬೇಕು. ಅಂಥದ್ದೇ ಹರಳುಗಳನ್ನು ಈಗ ನಮ್ಮ ಲ್ಯಾಬಿನಲ್ಲಿ ಆಮ್ಲಜನಕ ಹೊಂದಿಸಿ ಸಿದ್ಧ ಮಾಡುತ್ತಿದ್ದೇವೆ. ಮೊದಲು ಅವುಗಳಲ್ಲಿ ಒಂಟಿ ಸ್ಪಿನ್ ಎಷ್ಟಿವೆ ಎಂದು ತಿಳಿಯಬೇಕು.