ನಿಮ್ಮಲ್ಲಿ ಏನೇನು ಸಿಗುತ್ತದೆ ಎಂಬುದು ಗ್ರಾಹಕರಿಗೆ ತಿಳಿದಿದೆಯೇ?

"ಈ ಕೆಲಸವನ್ನೂ ನೀವು ಮಾಡಿಕೊಡುತ್ತೀರಾ? ಗೊತ್ತೇ ಇರಲಿಲ್ಲ" ಎಂದು ಹಳೆಯ ಗ್ರಾಹಕರೊಬ್ಬರು ಹೇಳಿದರೆ ಅದನ್ನು ಮೆಚ್ಚುಗೆಯೆಂದು ಭಾವಿಸಬಾರದು. ಬಹುಶಃ ಅವರು ಇದುವರೆಗೆ ಆ ಕೆಲಸವನ್ನು ಬೇರೆ ಕಡೆ ಮಾಡಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಹೊಸಬರನ್ನು ಸೆಳೆಯಲು ಜಾಹೀರಾತಿಗೆ ಹಣ ಸುರಿಯುವ ಮುನ್ನ, ಈಗಾಗಲೇ ನಿಮ್ಮ ಬಳಿಗೆ ಬರುತ್ತಿರುವವರಿಗೆ ನಿಮ್ಮಲ್ಲಿರುವುದೆಲ್ಲ ತಿಳಿದಿದೆಯೇ ಎಂದು ನೋಡಿಕೊಳ್ಳುವುದು ಲೇಸು.

ಗ್ರಾಹಕರಿಗೆ ತಿಳಿಯದಿರುವುದಕ್ಕೆ ಅವರ ಅಸಡ್ಡೆಗಿಂತ ಹೆಚ್ಚಾಗಿ ಹೇಳುವವರ ಅತಿ ಪರಿಚಯವೇ ಕಾರಣ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ನಡೆಸಿದ ಪ್ರಯೋಗವೊಂದರಲ್ಲಿ ಕೆಲವರು ಪರಿಚಿತ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು, ಕೇಳುವವರು ಅದು ಯಾವ ಹಾಡೆಂದು ಗುರುತಿಸಬೇಕಿತ್ತು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ಎಣಿಸಿದ್ದರೂ, 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ತಟ್ಟುವವರ ಮನಸ್ಸಿನಲ್ಲಿ ಇಡೀ ಹಾಡೇ ಮೊಳಗುತ್ತಿತ್ತು. ಎದುರಿನವರಿಗೆ ಬರಿಯ ಟಕಟಕ ಸದ್ದು. "ಸಂಪೂರ್ಣ ಪರಿಹಾರ", "ಗುಣಮಟ್ಟದ ಸೇವೆ" ಎಂದು ಫಲಕದ ಮೇಲೆ ಬರೆಸುವವರ ಪಾಡೂ ಇದೇ.

ಮೊದಲಿಗೆ, ಯಾರಿಗೆ ಏನನ್ನು ಒದಗಿಸುತ್ತೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಉತ್ತಮ ಮುದ್ರಣ ಸೇವೆಗಳು" ಎಂಬುದಕ್ಕಿಂತ "ಆಮಂತ್ರಣ ಪತ್ರಿಕೆ, ವಿಸಿಟಿಂಗ್ ಕಾರ್ಡ್ ಮತ್ತು ಬಿಲ್ ಪುಸ್ತಕಗಳನ್ನು ಮುದ್ರಿಸುತ್ತೇವೆ, ಹತ್ತೇ ಪ್ರತಿ ಬೇಕಿದ್ದರೂ ಸರಿ" ಎಂಬುದು ಹೆಚ್ಚು ಉಪಯುಕ್ತ, ಏಕೆಂದರೆ ಓದಿದವರಿಗೆ ತಮ್ಮ ಕೆಲಸ ಇಲ್ಲಿ ಆಗುತ್ತದೆಯೋ ಇಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ. ಪದಗಳು ಗ್ರಾಹಕರವೇ ಆಗಿರಲಿ. ರಿಪೇರಿ ಮಾಡುವವರು "ಕಂಪ್ರೆಸರ್ ಸರ್ವಿಸ್" ಎನ್ನಬಹುದು, ಆದರೆ ಮನೆಯವರು ಫೋನ್ ಮಾಡಿ ಹೇಳುವುದು "ಫ್ರಿಜ್ ತಣ್ಣಗಾಗುತ್ತಿಲ್ಲ" ಎಂದೇ, ಅಂತರಜಾಲದಲ್ಲಿ ಹುಡುಕುವುದೂ ಬಹುಮಟ್ಟಿಗೆ ಅದೇ ಮಾತಿನಲ್ಲಿ. ಹೀಗೆ ಕೇಳಿಬರುವ ಮಾತುಗಳನ್ನು ಕೆಲವು ವಾರ ಹಾಗೆಯೇ ಬರೆದಿಟ್ಟುಕೊಂಡರೆ ವಿವರಣೆಯ ಅರ್ಧ ಭಾಗ ತಾನಾಗಿ ಸಿದ್ಧವಾಗುತ್ತದೆ. ನೀವು ಮಾಡದ ಕೆಲಸಗಳನ್ನೂ ತಿಳಿಸಲು ಹಿಂಜರಿಯಬೇಡಿ. ಅನಗತ್ಯ ವಿಚಾರಣೆಗಳು ಕಡಿಮೆಯಾಗುವುದಲ್ಲದೆ, ಮಾಡುತ್ತೇವೆ ಎಂದು ಹೇಳಿದ ಕೆಲಸಗಳ ಮೇಲೆ ನಂಬಿಕೆಯೂ ಬೆಳೆಯುತ್ತದೆ.

ಈ ವಿವರಣೆ ಎಲ್ಲ ಕಡೆಯೂ ಒಂದೇ ಆಗಿರಬೇಕು. ಗೂಗಲ್ ಹುಡುಕಾಟದಲ್ಲಿ ಮತ್ತು ನಕ್ಷೆಯಲ್ಲಿ ಉದ್ಯಮದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉದ್ಯಮ ಯಾವ ಬಗೆಯದೆಂದು ತಿಳಿಸುವ ಒಂದು ಮುಖ್ಯ ವರ್ಗದ ಜೊತೆಗೆ ಇನ್ನೂ ಒಂಬತ್ತು ವರ್ಗಗಳನ್ನು ಸೇರಿಸಲು ಅವಕಾಶವಿದೆ. ವಿವರಣೆಗೆ 750 ಅಕ್ಷರಗಳ ಮಿತಿ ಇರುವುದರಿಂದ ಮುಖ್ಯ ವಿಷಯವನ್ನು ಮೊದಲ ಸಾಲಿನಲ್ಲಿಯೇ ಹೇಳಬೇಕು. ವಾಟ್ಸ್ಆಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ವಸ್ತುಗಳನ್ನಷ್ಟೇ ಅಲ್ಲದೆ ಸೇವೆಗಳನ್ನೂ ಚಿತ್ರ, ವಿವರ, ಬೆಲೆಗಳೊಂದಿಗೆ ಹಾಕಬಹುದು. ಸೇವೆಗಳ ಪಟ್ಟಿಯನ್ನು ಕೇವಲ ಚಿತ್ರವಾಗಿ ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ಚಿತ್ರದೊಳಗಿನ ಅಕ್ಷರಗಳು ಹುಡುಕಾಟದಲ್ಲಿ ಸಿಗುತ್ತವೆಂಬ ಭರವಸೆಯಿಲ್ಲ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷವುಳ್ಳವರಿಗೂ ಅವು ತಲುಪದೆ ಹೋಗಬಹುದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದವರು ಫೋನ್ ಎತ್ತುವವರು. ಫಲಕದಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ, ಹೊಸದಾಗಿ ಸೇರಿದ ಸಿಬ್ಬಂದಿ "ಅದೆಲ್ಲ ಇಲ್ಲಿಲ್ಲ" ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸೇವೆಗಳ ಪಟ್ಟಿಯೊಂದು ಅವರ ಕೈಗೆ ಸಿಗುವಂತಿರಲಿ, ಹೊಸದನ್ನು ಆರಂಭಿಸಿದಾಗ ಮೊದಲು ಅವರಿಗೇ ತಿಳಿಸಿ. ಬಿಲ್ಲಿನ ಹಿಂಬದಿಯಲ್ಲಿ, ಕೆಲಸ ಮುಗಿದ ಮೇಲೆ ಕಳುಹಿಸುವ ಸಂದೇಶದಲ್ಲಿ, ಗ್ರಾಹಕರು ಈಗ ಮಾಡಿಸಿದ ಕೆಲಸಕ್ಕೆ ಹೊಂದುವ ಇನ್ನೊಂದೇ ಒಂದು ಸೇವೆಯನ್ನು ಹೆಸರಿಸಿದರೆ ಸಾಕು. ಇಡೀ ಪಟ್ಟಿಯನ್ನೇ ಮುಂದಿಟ್ಟರೆ ಯಾರೂ ಓದುವುದಿಲ್ಲ.

ಕೊನೆಗೆ ಪರೀಕ್ಷಿಸಿ ನೋಡಿ. ನಿಮ್ಮ ಉದ್ಯಮದ ಪರಿಚಯವೇ ಇಲ್ಲದವರಿಗೆ ಫಲಕವನ್ನೋ ಜಾಲತಾಣದ ಮೊದಲ ಪುಟವನ್ನೋ ಕೆಲವೇ ಕ್ಷಣ ತೋರಿಸಿ, ಇಲ್ಲಿ ಏನು ಸಿಗುತ್ತದೆ ಎಂದು ಕೇಳಿ. ಅದೇ ಪ್ರಶ್ನೆಯನ್ನು ಖಾಯಂ ಗ್ರಾಹಕರಿಗೂ ಕೇಳಿ, ಆದರೆ ನಡುವೆ ನೆನಪಿಸಲು ಹೋಗಬೇಡಿ. ಅವರ ಉತ್ತರದಲ್ಲಿ ಪದೇ ಪದೇ ಬಿಟ್ಟುಹೋಗುವ ಸೇವೆಯನ್ನು ವಿವರಣೆಯಲ್ಲಿ ಮೇಲಕ್ಕೆ ತನ್ನಿ, ಹಾಗೂ ಈಗಾಗಲೇ ನಿಲ್ಲಿಸಿರುವ ಸೇವೆಗಳ ಹೆಸರನ್ನು ಎಲ್ಲ ಕಡೆಯಿಂದಲೂ ತೆಗೆದುಹಾಕಿ.