ನಮ್ಮ ಕಂಪನಿಯ ಗಂಡು-ಹೆಣ್ಣಿನ ಸಂಬಳದ ವ್ಯತ್ಯಾಸ: ಎಕ್ಸೆಲ್‌ನಲ್ಲೇ ಹಿಡಿದ ಲೆಕ್ಕ

ಪೇರೋಲ್ ನೋಡಿಕೊಳ್ಳುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಎಕ್ಸೆಲ್ಲಿನ ಪಿವಟ್, ವಿಲುಕಪ್ ನಿಮಗೆ ಗೊತ್ತಿರುತ್ತದೆ, ಅದನ್ನೆಲ್ಲ ಹೇಳಲು ಹೋಗುವುದಿಲ್ಲ. ನಮ್ಮದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮಶೀನ್ ಬಿಡಿಭಾಗ ಮಾಡುವ ಕಂಪನಿ. ಸುಮಾರು 310 ಜನ, ಅವರಲ್ಲಿ 90ರಷ್ಟು ಹೆಂಗಸರು. ತಿಂಗಳ ಸಂಬಳದ ಖರ್ಚು 95 ಲಕ್ಷದ ಆಸುಪಾಸು.

ಶುರುವಾಗಿದ್ದು ಒಬ್ಬ ದೊಡ್ಡ ಗಿರಾಕಿಯಿಂದ. ಷೇರುಪೇಟೆಯ ದೊಡ್ಡ 1000 ಕಂಪನಿಗಳನ್ನು ಷೇರುಪೇಟೆ ನಿಯಂತ್ರಕ ಸೆಬಿ ಕೇಳುತ್ತದೆ, ಗಂಡಸರ ಮೀಡಿಯನ್ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ) ಸಂಬಳ ಎಷ್ಟು, ಹೆಂಗಸರದ್ದು ಎಷ್ಟು ಅಂತ. ಆ ಗಿರಾಕಿ ಅದನ್ನೇ ನಮ್ಮ ಕಡೆ ತಳ್ಳಿದರು. ಲೆಕ್ಕ ತೆಗೆದರೆ ಗಂಡಸರದ್ದು 31,000, ಹೆಂಗಸರದ್ದು 24,500. ನಮ್ಮ ಫೈನಾನ್ಸ್ ಮ್ಯಾನೇಜರ್ ನೋಡಿ ನಕ್ಕರು. "ಮೇಡಂ, ಹೆಂಗಸರು ಪ್ಯಾಕಿಂಗು, ಇನ್‌ಸ್ಪೆಕ್ಷನ್ನು. ಗಂಡಸರು ಸಿಎನ್‌ಸಿ ಮಶೀನು, ಟೂಲ್‌ರೂಮು. ಇದರಲ್ಲೇನಿದೆ?" ಅವರು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅಂತ ನನಗೆ ಅನ್ನಿಸುತ್ತಿತ್ತು. ಕನ್ಸಲ್ಟೆಂಟ್ ಒಬ್ಬರು ಎರಡೂವರೆ ಲಕ್ಷ, ಮೇಲೆ ಜಿಎಸ್‌ಟಿ ಅಂದರು. ಮಾಲೀಕರು ಆ ಕೊಟೇಶನ್ ನೋಡಿ ಪಕ್ಕಕ್ಕಿಟ್ಟರು. ಸರಿ, ನಾನೇ ಮಾಡ್ತೀನಿ ಅಂದೆ.

ಮೊದಲು ಕೈಕೊಟ್ಟಿದ್ದು "ಸಂಬಳ" ಅಂದರೆ ಯಾವುದು ಅನ್ನೋದೇ. ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ಒಟ್ಟು ಸಂಬಳ, ತೆಗೆದುಕೊಂಡರೆ ಅದರೊಳಗೆ ಓಟಿ, ನೈಟ್ ಶಿಫ್ಟ್ ಅಲೊವೆನ್ಸ್, ಹಾಜರಿ ಇನ್ಸೆಂಟಿವ್ ಎಲ್ಲ ಕೂತಿರುತ್ತದೆ. ನಮ್ಮಲ್ಲಿ ನೈಟ್ ಶಿಫ್ಟಿಗೆ ಹೆಂಗಸರು ಇಲ್ಲವೇ ಇಲ್ಲ ಅನ್ನಬಹುದು. ಅಷ್ಟು ಸಾಕು, "ರಾತ್ರಿ ದುಡಿದವನಿಗೆ ಜಾಸ್ತಿ ಕೊಡಬಾರದಾ" ಅಂತ ಒಂದೇ ಮಾತಿಗೆ ಇಡೀ ಶೀಟು ಬಿದ್ದುಹೋಯಿತು. ಬರೀ ಬೇಸಿಕ್, ಡಿಎ (ತುಟ್ಟಿಭತ್ಯೆ) ಹಿಡಿದು ನೋಡಿದರೆ ವ್ಯತ್ಯಾಸವೇ ಕಾಣೆ! ಯಾಕೆ ಅಂದರೆ ಬೇಸಿಕ್ ಗ್ರೇಡಿನ ಪ್ರಕಾರ ಒಂದೇ ಇರುತ್ತದೆ, ಚೌಕಾಸಿ ಮಾಡಿ ಸೇರಿದವನಿಗೆ ಕೊಡುವ ಹೆಚ್ಚಿನ ದುಡ್ಡನ್ನು ನಾವೇ "ಸ್ಪೆಷಲ್ ಅಲೊವೆನ್ಸ್" ಖಾನೆಗೆ ಹಾಕುತ್ತೇವೆ, ಅಲ್ವಾ? ಕೊನೆಗೆ ಬೇಸಿಕ್, ಡಿಎ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಸ್ಪೆಷಲ್ ಅಲೊವೆನ್ಸ್ ಈ ನಾಲ್ಕನ್ನು ಕೂಡಿಸಿ ಅದನ್ನೇ ಹಿಡಿದೆ. ನೀವೂ ಇದನ್ನೇ ಹಿಡಿಯಿರಿ.

ಆಮೇಲೆ ಡಿಪಾರ್ಟ್‌ಮೆಂಟ್ ಪ್ರಕಾರ ಟಿ-ಟೆಸ್ಟ್, ಅಂದರೆ ಎರಡು ಗುಂಪಿನ ಸರಾಸರಿ ನಿಜವಾಗಿಯೂ ಬೇರೆಯೇ ಅಂತ ನೋಡುವ ಲೆಕ್ಕ. ದಂಡ. ಟೂಲ್‌ರೂಮಿನಲ್ಲಿ ಒಬ್ಬಳೇ ಹುಡುಗಿ, ಪ್ಯಾಕಿಂಗಿನಲ್ಲಿ ಗಂಡಸರು ಇಬ್ಬರೋ ಮೂವರೋ. ಇಷ್ಟು ಜನರಲ್ಲಿ ಏನು ಕಾಣುತ್ತದೆ? ಒಂದು ಡಿಪಾರ್ಟ್‌ಮೆಂಟಿನಲ್ಲೂ ಏನೂ ಸಿಗಲಿಲ್ಲ. "ನೋಡಿದ್ರಾ, ಏನೂ ಇಲ್ಲ" ಅಂತ ಫೈನಾನ್ಸ್‌ನವರಿಗೆ ಖುಷಿ.

ದಾರಿ ಸಿಕ್ಕಿದ್ದು ಎಲ್ಲರನ್ನೂ ಒಂದೇ ಶೀಟಿಗೆ ಹಾಕಿ ರಿಗ್ರೆಶನ್ ಮಾಡಿದಾಗ. ಸಂಬಳದ ಮೇಲೆ ಒಂದೊಂದು ಅಂಶದ ಪರಿಣಾಮ ಎಷ್ಟು ಅಂತ ಬಿಡಿಸಿ ತೋರಿಸುವ ಲೆಕ್ಕ ಅದು. ಸಂಬಳದ ಲಾಗ್ (ವ್ಯತ್ಯಾಸವನ್ನು ಪರ್ಸೆಂಟಿನಲ್ಲಿ ಓದಲು) ತೆಗೆದು ಒಂದು ಕಡೆ, ಗ್ರೇಡು, ಡಿಪಾರ್ಟ್‌ಮೆಂಟು, ಓದು, ಅನುಭವ, ಹೆಣ್ಣಾದರೆ 1 ಇಲ್ಲದಿದ್ದರೆ 0, ಇವು ಇನ್ನೊಂದು ಕಡೆ. ಎಕ್ಸೆಲ್ಲಿನ ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕ್ 16 ಕಾಲಂಗಿಂತ ಜಾಸ್ತಿ ತಗೊಳ್ಳುವುದಿಲ್ಲ, ನನ್ನ ಡಿಪಾರ್ಟ್‌ಮೆಂಟುಗಳೇ ಅಷ್ಟಾಗಿದ್ದವು. ಅದೇ ಲೆಕ್ಕ ಮಾಡುವ ಲಿನೆಸ್ಟ್ (LINEST) ಫಾರ್ಮುಲಾ ತಗೊಳ್ಳುತ್ತದೆ, ಆದರೆ ಉತ್ತರಗಳನ್ನು ಹಿಂದುಮುಂದಾಗಿ ಕೊಡುತ್ತದೆ, ಕೊನೆಯ ಕಾಲಂ ಮೊದಲು. ಇದು ಗೊತ್ತಿಲ್ಲದಿದ್ದರೆ ಅನುಭವದ ಅಂಕಿಯನ್ನು ಹೆಣ್ಣಿನ ಅಂಕಿ ಅಂತ ಓದಿಕೊಂಡು ಕೂರುತ್ತೀರಿ. ಡಿಪಾರ್ಟ್‌ಮೆಂಟುಗಳನ್ನು ಕೊನೆಗೆ ಕೆಲಸದ ಬಗೆ ನೋಡಿ ಐದಾರು ಗುಂಪು ಮಾಡಿದೆ. 1976ರ ಸಮಾನ ವೇತನ ಕಾಯ್ದೆಯಿಂದ ಹಿಡಿದು 2019ರ ವೇತನ ಸಂಹಿತೆವರೆಗೂ ಕಾನೂನು ಹೇಳುವುದು ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ ಅಂತ. ಡಿಪಾರ್ಟ್‌ಮೆಂಟಿನ ಬೋರ್ಡು ಬೇರೆ ಇದ್ದ ಮಾತ್ರಕ್ಕೆ ಕೆಲಸ ಬೇರೆ ಆಗುವುದಿಲ್ಲ.

ಬಂದ ಉತ್ತರ: ಎಲ್ಲ ಸರಿದೂಗಿಸಿದ ಮೇಲೂ ಹೆಂಗಸರಿಗೆ ಸುಮಾರು 4.5% ಕಡಿಮೆ.

"ಆಕಸ್ಮಿಕ" ಅಂದರು ಫೈನಾನ್ಸ್‌ನವರು. ಪಿ-ವ್ಯಾಲ್ಯೂ (ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ) ತೋರಿಸಿದರೆ ಯಾರೂ ಕೇಳುವುದಿಲ್ಲ, ಅದನ್ನು ತೋರಿಸಬೇಡಿ. ನಾನು ಮಾಡಿದ್ದು ಇಷ್ಟು. ಗಂಡು-ಹೆಣ್ಣು ಕಾಲಂ ಒಂದನ್ನೇ ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ, ಪ್ರತಿ ಸಲ ಅದೇ ಲೆಕ್ಕ ಓಡಿಸಿದೆ. ಚಿಕ್ಕದೊಂದು ಮ್ಯಾಕ್ರೊ, 5000 ಸಲ. ಸುಮ್ನೆ ಕಲಸಿದ್ದರಲ್ಲಿ ಹೆಂಗಸರಿಗೆ 4.5% ಅಥವಾ ಅದಕ್ಕಿಂತ ದೊಡ್ಡ ಕೊರತೆ ಬಂದಿದ್ದು 60 ಸಲವೋ ಏನೋ, ನೂರಕ್ಕೆ ಒಂದರ ಆಸುಪಾಸು. ಮೀಟಿಂಗಿನಲ್ಲೇ ಓಡಿಸಿ ತೋರಿಸಿದೆ. "ನೀವು ಹೆಂಗಸಾದ್ದರಿಂದ ಹಾಗೆ ಕಾಣುತ್ತೆ" ಅಂದವರಿಗೆ ಇನ್ನೊಂದು ಶೀಟು ತೆಗೆದೆ. ಟೋಕನ್ ನಂಬರ್ (ನೌಕರರ ಸಂಖ್ಯೆ) ಸಮ ಇರುವವರು, ಬೆಸ ಇರುವವರು ಅಂತ ಭಾಗ ಮಾಡಿ ಅದೇ ಲೆಕ್ಕ. ಅರ್ಧ ಪರ್ಸೆಂಟೂ ಇಲ್ಲ. ಅವತ್ತಿಂದ ಆ ಮಾತು ನಿಂತಿತು.

ಇದೇ ಹುಚ್ಚಿನಲ್ಲಿ ಬೈಕ್ ಪಾಸ್ ಇರುವವರಿಗೂ ಕಂಪನಿ ಬಸ್ಸಿನಲ್ಲಿ ಬರುವವರಿಗೂ ಹೋಲಿಸಿದೆ. ಬೈಕಿನವರಿಗೆ ಚೆನ್ನಾಗೇ ಜಾಸ್ತಿ! ಬೈಕಿದೆ ಅಂತ ಸಂಬಳ ಜಾಸ್ತಿಯಾಗಲಿಲ್ಲ, ಸಂಬಳ ಜಾಸ್ತಿಯಾದ ಮೇಲೆ ಬೈಕ್ ಬಂತು, ಅಷ್ಟೆ. ಕೆಲಸಕ್ಕೆ ಬಾರದ ಲೆಕ್ಕ, ಆದರೆ ಇದು ನನ್ನನ್ನು ಗ್ರೇಡಿನ ಕಡೆ ತಿರುಗಿಸಿತು. ಗ್ರೇಡನ್ನೂ ಕೊಟ್ಟವರು ನಾವೇ ತಾನೆ, ಅದರಲ್ಲೇ ತಾರತಮ್ಯ ಇದ್ದರೆ? ಗ್ರೇಡ್ ಕಾಲಂ ತೆಗೆದು ಓಡಿಸಿದೆ, 4.5 ಇದ್ದದ್ದು 11ಕ್ಕೆ ಹೋಯಿತು. ಹಳೆಯ ಫೈಲ್ ತೆಗೆದು ನೋಡಿದರೆ ಮೂರನೇ ಗ್ರೇಡಿನಿಂದ ನಾಲ್ಕಕ್ಕೆ ಹೋಗಲು ಗಂಡಸರಿಗೆ ಮೂರು ವರ್ಷ, ಹೆಂಗಸರಿಗೆ ಹತ್ತಿರ ಹತ್ತಿರ ಐದು. ಹೆರಿಗೆ ರಜೆ 26 ವಾರ ಕಾನೂನು ಪ್ರಕಾರ ಕೊಡುತ್ತೇವೆ, ಆದರೆ ಆ ವರ್ಷ ಅರ್ಧ ವರ್ಷದ ಔಟ್‌ಪುಟ್ ಇಲ್ಲ ಅಂತ ಕಡಿಮೆ ರೇಟಿಂಗ್ ಹಾಕಿಬಿಡುತ್ತಾರೆ, ಪ್ರಮೋಶನ್ ಪಟ್ಟಿಯಿಂದ ಹೆಸರು ಜಾರುತ್ತದೆ.

ಮಾಲೀಕರು ಒಪ್ಪಿದ್ದು ರಿಗ್ರೆಶನ್‌ಗಲ್ಲ, ಒಂದು ಜೋಡಿಗೆ. ಇನ್‌ಸ್ಪೆಕ್ಷನ್‌ನಲ್ಲಿ ಇಬ್ಬರು, ಅದೇ ಡಿಪ್ಲೊಮಾ, ಸೇರಿದ್ದು ಒಂದೇ ತಿಂಗಳು, ಅಕ್ಕಪಕ್ಕದ ಟೇಬಲ್, ಒಂದೇ ವರ್ನಿಯರ್ (ಅಳತೆ ಸಾಧನ) ಹಂಚಿಕೊಂಡು ಅಳೆಯುತ್ತಾರೆ. ಅವನು ಸೇರಿದ್ದು 19,500ಕ್ಕೆ, ಅವಳು 17,000ಕ್ಕೆ. ಅರ್ಜಿಯಲ್ಲಿ "ಹಿಂದಿನ ಸಂಬಳ" ಅಂತ ಒಂದು ಖಾನೆ ಇತ್ತು, ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಟ್ಟಿದ್ದು. ಇಬ್ಬರಿಗೂ ವರ್ಷಕ್ಕೆ 8% ಇನ್‌ಕ್ರಿಮೆಂಟ್, ಯಾರಿಗೂ ಅನ್ಯಾಯ ಇಲ್ಲ ಅನ್ನಿಸುತ್ತದೆ. ಏಳು ವರ್ಷಕ್ಕೆ 2,500ರ ವ್ಯತ್ಯಾಸ 4,300ರ ಹತ್ತಿರ ಬಂದಿತ್ತು.

ದುಡ್ಡಿನ ಲೆಕ್ಕ ಹೇಳುತ್ತೇನೆ. ಗೆರೆಗಿಂತ, ಅಂದರೆ ರಿಗ್ರೆಶನ್ ಪ್ರಕಾರ ಬರಬೇಕಾದ ಸಂಬಳಕ್ಕಿಂತ, ತೀರಾ ಕೆಳಗಿದ್ದ ಹೆಂಗಸರು 38 ಜನ, ಸರಾಸರಿ 2,300 ಏರಿಸಬೇಕಿತ್ತು. ತಿಂಗಳಿಗೆ 87,000ದಷ್ಟು, ವರ್ಷಕ್ಕೆ ಹತ್ತೂವರೆ ಲಕ್ಷ, ಪಿಎಫ್ ಬೇರೆ. ಒಟ್ಟು ಸಂಬಳದ ಒಂದು ಪರ್ಸೆಂಟೂ ಇಲ್ಲ. ಮೊದಲು "ಕೋಟಿ ಆಗುತ್ತೆ" ಅಂತ ಹೆದರಿಸಿದವರು ಅಲ್ಲೇ ಕೂತಿದ್ದರು. ಎರಡು ಕಂತಿನಲ್ಲಿ ಕೊಟ್ಟೆವು. ಗೆರೆಯ ಕೆಳಗಿದ್ದ ಗಂಡಸರನ್ನೂ ಸೇರಿಸಿ ಅಂತ ಕೂಗೆದ್ದಿತು, ಅವರಿಗೆ ಇನ್‌ಕ್ರಿಮೆಂಟ್ ಸಮಯದಲ್ಲಿ ನೋಡೋಣ ಅಂತ ನಿಲ್ಲಿಸಿದ್ದೇವೆ. "ಹಿಂದಿನ ಸಂಬಳ" ಖಾನೆ ಅರ್ಜಿಯಿಂದ ಹೋಯಿತು.

ಅನುಭವದ ಕಾಲಂ ನಾನು ಹೇಗೆ ಮಾಡಿದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಸೇರಿದ ದಿನಾಂಕದಿಂದ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ, ಅಷ್ಟು ಹೇಳಬಲ್ಲೆ. ಪೀಣ್ಯದಲ್ಲೇ ಪಕ್ಕದ ಫೇಸಿನ (ಹಂತದ) ಎರಡು ಕಂಪನಿಯವರು ಈಗಾಗಲೇ ಕರೆದಿದ್ದಾರೆ, ನನಗೂ ನಾಲ್ಕು ಕಾಸು ಆಗಲಿ.

ಪ್ರಮೋಶನ್ ವಿಷಯ ಇನ್ನೂ ಬಗೆಹರಿದಿಲ್ಲ. ಕಮಿಟಿ ಆಗಿದೆ, ಮೀಟಿಂಗ್ ಆಗಿಲ್ಲ. ಅಷ್ಟರಲ್ಲಿ ಫೈನಾನ್ಸ್ ಮ್ಯಾನೇಜರ್ ಅವರೇ ಕಾಂಟ್ರಾಕ್ಟ್ ಕೆಲಸದವರ ಮಸ್ಟರ್ ರೋಲ್ (ಹಾಜರಿ ಪಟ್ಟಿ) ಕಳಿಸಿ, "ಇದನ್ನೂ ಒಂದು ಸಲ ಓಡಿಸಿ ಮೇಡಂ" ಅಂದಿದ್ದಾರೆ. ಅದರಲ್ಲಿ ಅರ್ಧ ಜನಕ್ಕೆ ಗಂಡೋ ಹೆಣ್ಣೋ ಅಂತಲೇ ಬರೆದಿಲ್ಲ. ಮೊದಲು ಕಾಂಟ್ರಾಕ್ಟರ್‌ನ ಹಿಡಿದು ಅದನ್ನು ತುಂಬಿಸಬೇಕು.