ಮೇಪಲ್ ಆಲೆಮನೆಗೆ ಹೋಗುವ ಮುನ್ನ

ಮಾರ್ಚ್ ಬಂತೆಂದರೆ ಮಾಂಟ್ರಿಯಲ್‌ನಲ್ಲಿ ಆಫೀಸಿನವರೂ ಮಕ್ಕಳ ಟೀಚರೂ ಕೇಳುವ ಪ್ರಶ್ನೆ ಒಂದೇ: "ಕಬಾನ್ ಆ ಸುಕ್ರ್‌ಗೆ ಹೋಗಿ ಬಂದ್ರಾ?" ಹೆಸರು ಕೇಳಿ ಗಾಬರಿ ಬೇಡ. ಮಂಡ್ಯದವರಿಗೂ ಮಲೆನಾಡಿನವರಿಗೂ ಒಂದೇ ಪದದಲ್ಲಿ ಹೇಳಿಬಿಡಬಹುದು, ಆಲೆಮನೆ. ಕಬ್ಬಿನ ಹಾಲಿನ ಬದಲು ಮೇಪಲ್ ಮರದ ರಸ ಕಾಯಿಸುತ್ತಾರೆ, ಗಾಣ ಒಂದಿಲ್ಲ ಅಷ್ಟೆ. ಕೊಪ್ಪರಿಗೆಯ ಹಬೆ, ಉಕ್ಕುವ ನೊರೆ, ಕೈಯಲ್ಲಿ ಕಡ್ಡಿ ಹಿಡಿದು ಕಾಯುವ ಮಕ್ಕಳು, ಎಲ್ಲ ಅದೇ.

ಸುಗ್ಗಿ ಇರುವುದು ಮಾರ್ಚ್‌ನಿಂದ ಏಪ್ರಿಲ್ ಕೊನೆಯವರೆಗೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸೊನ್ನೆಗಿಂತ ಮೇಲಿನ ಬಿಸಿಲು ಎರಡೂ ಇದ್ದರೆ ಮಾತ್ರ ಮರದಿಂದ ರಸ ಇಳಿಯುತ್ತದೆ. ಮೊಗ್ಗು ಒಡೆಯಿತೋ, ರುಚಿ ಕೆಟ್ಟಿತು. ಮರಕ್ಕೆ ತೂಗುಹಾಕಿದ ತಗಡಿನ ಬಕೆಟ್ಟು ಫೋಟೋಕ್ಕೆ ಚೆಂದ, ಆದರೆ ಹೆಚ್ಚಿನ ಕಡೆ ಈಗ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದಿರುತ್ತಾರೆ. ಬಕೆಟ್ಟಿನಲ್ಲಿರುವ ರಸ ಕುಡಿದು ನೋಡಿದರೆ ನೀರು ಕುಡಿದಂತೆಯೇ. ಸಕ್ಕರೆ ಇರುವುದು ಶೇ. 2ರ ಆಸುಪಾಸು. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಸಿರಪ್. ಬೆಲೆ ನೋಡಿ ಹುಬ್ಬೇರಿಸುವ ಮುಂಚೆ ಈ ಲೆಕ್ಕ ನೆನಪಿರಲಿ. ಈ ವಿದ್ಯೆ ಯುರೋಪಿನವರು ತಂದದ್ದಲ್ಲ, ಇಲ್ಲಿನ ಮೂಲನಿವಾಸಿಗಳದ್ದು. ಇದನ್ನೂ ಮಕ್ಕಳಿಗೆ ಹೇಳಿ.

ಇನ್ನು ಊಟ. ನಮ್ಮ ಕನ್ನಡ ಸಂಘಕ್ಕೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇದರದ್ದೇ. ಉದ್ದನೆಯ ಮೇಜಿಗೆ ಪಂಕ್ತಿಯಲ್ಲಿ ಕೂರಿಸಿ ಒಂದಾದ ಮೇಲೊಂದು ತಂದಿಡುತ್ತಾರೆ. ಬಟಾಣಿ ಸೂಪ್, ಹುರುಳಿಕಾಯಿ ಬೀಜದಂಥ ಕಾಳಿನ ಬೇಯಿಸಿದ ಪಲ್ಯ, ಉಬ್ಬಿದ ಆಮ್ಲೆಟ್, ಹ್ಯಾಮ್, ಪ್ಯಾನ್‌ಕೇಕ್, ಸಿರಪ್ಪಿನಲ್ಲೇ ಬೇಯಿಸಿದ ಹಿಟ್ಟಿನ ಉಂಡೆ. ಹೆಸರಲ್ಲಿ ಮಾಂಸ ಕಾಣದ ಪದಾರ್ಥದಲ್ಲೂ ಹಂದಿ ಇರುತ್ತದೆ. 'ಒರೇಯ್ ದ ಕ್ರಿಸ್' ಎಂಬ ಗರಿಗರಿ ಕರಿದ ತುಂಡುಗಳು ನಮ್ಮ ಸಂಡಿಗೆಯಂತೆ ಕಾಣುತ್ತವೆ, ಅದು ಹಂದಿಯ ಕೊಬ್ಬು. ಬ್ರೆಡ್ಡಿಗೆ ಸವರುವ 'ಕ್ರೆತೋಂ' ಕೂಡ ಹಂದಿಯದೇ.

ನಮಗೆ ಮೊದಲ ವರ್ಷವೇ ಪಾಠ ಆಯಿತು. ಫೋನಿನಲ್ಲಿ "ಸಾಂ ವ್ಯಾಂದ್", ಅಂದರೆ ಮಾಂಸ ಬೇಡ ಎಂದಿದ್ದೆವು, ಅವರೂ ಹೂಂ ಎಂದಿದ್ದರು. ಕಾಳಿನ ಬಟ್ಟಲು ಬಂತು, ನಮ್ಮ ಅತ್ತೆ ಎರಡು ಚಮಚ ತಿಂದ ಮೇಲೆ ತಳದಲ್ಲಿ ಬಿಳಿ ಕೊಬ್ಬಿನ ತುಂಡು ಸಿಕ್ಕಿತು. ಬಡಿಸಿದ ಹುಡುಗಿ ಮೋಸ ಮಾಡಿರಲಿಲ್ಲ, ಪಾಪ. ಅವಳ ಲೆಕ್ಕದಲ್ಲಿ ಮಾಂಸ ಎಂದರೆ ಹ್ಯಾಮ್, ರುಚಿಗೆ ಹಾಕುವ ಕೊಬ್ಬು ಮಾಂಸವೇ ಅಲ್ಲ. ಹಾಗಾಗಿ 'ವೆಜಿಟೇರಿಯನ್' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸೂಪಿಗೆ ಹ್ಯಾಮ್ ಹಾಕಿದ್ದೀರಾ, ಕಾಳಿಗೆ 'ಲಾರ್', ಅಂದರೆ ಹಂದಿಕೊಬ್ಬು ಹಾಕಿದ್ದೀರಾ, ಪ್ಯಾನ್‌ಕೇಕ್ ಯಾವುದರಲ್ಲಿ ಹುಯ್ಯುತ್ತೀರಿ ಎಂದು ಒಂದೊಂದಾಗಿ ಕೇಳಿ. ಸಸ್ಯಾಹಾರದ ಪ್ರತ್ಯೇಕ ಊಟ ಕೊಡುವ ಜಾಗಗಳೂ ಇವೆ, ಮೊದಲೇ ಹೇಳಿರಬೇಕು. ಹಿಂದಿನ ಕಾಲದಲ್ಲಿ ನೊರೆ ಉಕ್ಕದಿರಲೆಂದು ಕೊಪ್ಪರಿಗೆಗೆ ಹಂದಿಕೊಬ್ಬಿನ ಚೂರು ಹಾಕುವ ಪದ್ಧತಿಯಿತ್ತು. ಕಟ್ಟುನಿಟ್ಟಿನವರು ಅದನ್ನೂ ಕೇಳಿಕೊಳ್ಳಿ. ಮೊಟ್ಟೆಯನ್ನೂ ತಿನ್ನದವರಿಗೆ ನಮ್ಮ ಸಲಹೆ ಬೇರೆ: ಊಟದ ಗೋಜು ಬಿಟ್ಟು, ಕಾರಿನಲ್ಲೇ ಪುಳಿಯೋಗರೆ ಮುಗಿಸಿ, ಕಾಡು ಸುತ್ತಿ ಟಾಫಿ ತಿಂದು ಬನ್ನಿ.

ಏಕೆಂದರೆ ಅಸಲಿ ಮಜಾ ಇರುವುದೇ 'ತೀರ್' ಎಂಬ ಆ ಟಾಫಿಯಲ್ಲಿ. ಸಿರಪ್ಪನ್ನು ಇನ್ನಷ್ಟು ಕಾಯಿಸಿ ಗಟ್ಟಿ ಪಾಕ ಮಾಡಿ, ಮರದ ತೊಟ್ಟಿಯಲ್ಲಿ ತುಂಬಿದ ಹಿಮದ ಮೇಲೆ ಪಟ್ಟಿಪಟ್ಟಿಯಾಗಿ ಸುರಿಯುತ್ತಾರೆ. ತಕ್ಷಣ ಕೈ ಹಾಕಬಾರದು, ಪಾಕ ನೀರಿನ ಕುದಿಬಿಂದುವಿಗಿಂತ ಬಿಸಿ. ಹತ್ತೆಣಿಸಿ, ಕಡ್ಡಿಯ ತುದಿಯನ್ನು ಪಟ್ಟಿಯ ಒಂದು ಕೊನೆಗೆ ಒತ್ತಿ ಸುತ್ತುತ್ತಾ ಹೋದರೆ ಕಡ್ಡಿಗೆ ಅಂಟಿಕೊಳ್ಳುತ್ತದೆ. ಹೊರಗೆ ತಣ್ಣಗೆ, ಒಳಗೆ ಇನ್ನೂ ಬೆಚ್ಚಗೆ. ಹಲ್ಲಿನ ಸೆಟ್ಟು ಹಾಕಿಕೊಂಡ ಅಜ್ಜ-ಅಜ್ಜಿಯರು ಮಾತ್ರ ಹುಷಾರು.

ಹೋಗುವುದು ಕಾರಿನಲ್ಲೇ, ಮೆಟ್ರೋ ಬಸ್ಸು ನಂಬಬೇಡಿ. ಕಾರಿಲ್ಲದವರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಯಾರಾದರೂ ಕೂರಿಸಿಕೊಂಡು ಹೋಗುತ್ತಾರೆ. ಸೇಂಟ್-ಯುಸ್ಟಾಶ್, ಮಿರಾಬೆಲ್, ಮಾಂಟ್-ಸೇಂಟ್-ಗ್ರೆಗ್ವಾರ್ ಕಡೆಗೆ ಬೇಕಾದಷ್ಟಿವೆ. ರಿಗೋದ ಸುಕ್ರರಿ ದ ಲಾ ಮೊಂತಾನ್ಯ್ ವರ್ಷವಿಡೀ ತೆರೆದಿರುತ್ತದೆ. ಶನಿವಾರ, ಭಾನುವಾರ ಮತ್ತು ಈಸ್ಟರ್ ರಜೆಗೆ ವಾರಗಟ್ಟಲೆ ಮುಂಚೆ ಬುಕ್ ಮಾಡಿ. ಬೋರ್ಡಿನ ಬೆಲೆಗೆ ಸುಮಾರು ಶೇ. 15 ತೆರಿಗೆ, ಮೇಲೆ ಟಿಪ್ಸ್ ಸೇರುತ್ತದೆ. ಚಳಿಗಾಲದ ಟೈರು ಕಡ್ಡಾಯವೆಂಬ ಕಾನೂನಿನ ಅವಧಿ ಮಾರ್ಚ್ 15ಕ್ಕೆ ಮುಗಿದರೂ ಟೈರು ಬದಲಿಸುವ ಆತುರ ಬೇಡ. ಹಿಮ ಕರಗಿದ ಕೆಸರು ನಮ್ಮೂರ ನಾಟಿಗದ್ದೆಗೆ ಕಡಿಮೆಯಿಲ್ಲ. ರಬ್ಬರ್ ಬೂಟು ಹಾಕಿಸಿ, ಮಕ್ಕಳಿಗೆ ಇನ್ನೊಂದು ಜೊತೆ ಕಾಲುಚೀಲ, ಪ್ಯಾಂಟು ಕಟ್ಟಿಕೊಳ್ಳಿ. ಹೊಸ ಸ್ನೀಕರ್ಸ್, ಸೀರೆ ಮನೆಯಲ್ಲಿರಲಿ.

ಬರುವಾಗ 540 ಮಿಲಿಲೀಟರ್ ಡಬ್ಬ ತರದೆ ಬರಬೇಡಿ. ತಿಳಿಬಣ್ಣದ್ದು ನಾಜೂಕು, ಕಡುಬಣ್ಣದ್ದು ಖಡಕ್. ನೀರುದೋಸೆಗೆ ಕಡುಬಣ್ಣದ್ದೇ ಸರಿ, ಜೋನಿಬೆಲ್ಲಕ್ಕೆ ಹತ್ತಿರ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣ ಬೆರೆಸಿದ ನಕಲಿಯನ್ನು ಇಲ್ಲಿನವರು 'ಸಿರೋ ದ ಪೊತೋ', ಅಂದರೆ ಕಂಬದಿಂದ ಇಳಿಸಿದ ಸಿರಪ್ಪು ಎಂದು ಆಡಿಕೊಳ್ಳುತ್ತಾರೆ. ಡಬ್ಬ ತೆರೆದ ಮೇಲೆ ಗಾಜಿನ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೂಸ್ಟು ಬರುತ್ತದೆ. ಊರಿಗೆ ಒಯ್ಯುವ ಡಬ್ಬ ಚೆಕ್-ಇನ್ ಪೆಟ್ಟಿಗೆಯಲ್ಲೇ ಇರಲಿ, ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ.